ಗಾಡಿ ನಿಂತರೆ ವಿಶ್ರಾಂತಿ

ನನ್ನ ಮಗ ಆಂಬುಲೆನ್ಸ್ ಓಡಿಸುತ್ತಾನೆ. ಹನ್ನೆರಡು ಗಂಟೆ ದುಡಿದವನು ಎಂಟು ಗಂಟೆ ಮಲಗಲೇಬೇಕೆಂಬ ನಿಯಮವಿದೆ. ಆದರೆ ಆಸ್ಪತ್ರೆ ಬಾಗಿಲಲ್ಲಿ ಗಾಡಿ ನಿಂತ ಹೊತ್ತನ್ನೆಲ್ಲ ಅವರ ಸೂಪರ್‌ವೈಸರ್ ವಿಶ್ರಾಂತಿ ಎಂದೇ ಬರೆಯುತ್ತಾನೆ. ನಿನ್ನೆ ಬೆಳಿಗ್ಗೆ ಹೋದವನು ಇವತ್ತು ಮಧ್ಯಾಹ್ನ ಗಾಡಿ ಸಮೇತ ಮನೆಗೆ ಬಂದು, ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಸೂರು ಹಾರುವಂತೆ ಗೊರಕೆ ಹೊಡೆದ. ನಾನು ಗಾಡಿಯ ಕೀ ಸೆರಗಿಗೆ ಗಂಟು ಹಾಕಿಕೊಂಡೆ.

ಸೂಪರ್‌ವೈಸರ್ ಫೋನು ಬಂತು. ನಾನೇ ಎತ್ತಿದೆ.

"ಅವನು ಮಲಗಿದಾನಪ್ಪ. ನೂರು ವರ್ಷ ಬಿಟ್ಟು ಮಾಡು."

"ಅಜ್ಜಿ, ಹೆರಿಗೆ ಕೇಸು. ಮಗು ಅಡ್ಡ ಬಂದಿದೆ. ಬೇರೆ ಡ್ರೈವರ್ ಇಲ್ಲ."

"ಕೂತು ಕೂತು ನಿನಗೆ ಏಳು ಜನ್ಮದ ವಿಶ್ರಾಂತಿ ಆಗಿದೆಯಲ್ಲ, ನೀನೇ ಓಡಿಸು."

"ನಂಗೆ ಓಡಿಸೋಕೆ ಬರಲ್ಲ ಅಜ್ಜಿ."

ಗಂಟು ಬಿಚ್ಚಿದೆ. ಮಗನ ಮುಖಕ್ಕೆ ನೀರೆರಚಿ ಎಬ್ಬಿಸಿ, ಪಕ್ಕದ ಸೀಟು ಹತ್ತಿದೆ.

"ನೀನ್ಯಾಕಮ್ಮ?"

"ನಿನ್ನ ಬೈಯೋಕೆ. ಬೈಸ್ಕೊಳ್ಳೋನಿಗೆ ನಿದ್ದೆ ಬರಲ್ಲ."

ಸೈರನ್ನಿಗಿಂತ ಜೋರಾಗಿ ದಾರಿಯುದ್ದಕ್ಕೂ ಬೈದೆ. ಆ ಹೆಣ್ಣುಮಗಳು ಜೀವಸಹಿತ ಆಸ್ಪತ್ರೆ ಸೇರಿದಳು. ಮಗನ ತಲೆ ಸ್ಟೀರಿಂಗಿಗೆ ಒರಗುವಷ್ಟರಲ್ಲಿ ಮತ್ತೆ ಫೋನು.

"ಗಾಡಿ ನಿಂತು ಹತ್ತು ನಿಮಿಷ ಆಯ್ತು, ವಿಶ್ರಾಂತಿ ಬರ್ಕೊಂಡಿದೀನಿ. ಮುಂದಿನ ಕೇಸಿಗೆ ಹೊರಡಿ."

ಮಗ ಕಣ್ಣುಜ್ಜಿಕೊಂಡು ನನ್ನ ಮುಖ ನೋಡಿದ. ನನ್ನ ಬಾಯಲ್ಲಿ ಬೈಗುಳ ಒಂದೂ ಉಳಿದಿರಲಿಲ್ಲ.