ಫ್ಯಾನಿಗೆ ಕಟ್ಟಿದ ಮೌಸು

ನಾನೊಂದು ಕಂಪ್ಯೂಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ; ಅದರ ನೆನಪು ನನಗೆ ಹೆಚ್ಚಿಲ್ಲ. ಥರ್ಮಾಕೋಲಿನ ಕತ್ತಲೆಯಿಂದ ಹೊರಗೆಳೆದು, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ 'ಏಳು' ಎಂದು ಬರೆದರಲ್ಲ, ಅಂದೇ ನಿಜವಾಗಿ ಹುಟ್ಟಿದೆ ಎಂದುಕೊಳ್ಳುತ್ತೇನೆ. ಅದು ಗದಗಿನ ಕಡೆಯ ಒಂದು ಪರೀಕ್ಷಾ ಮಂಡಳಿಯ ಕಚೇರಿ. ನನ್ನ ಜೊತೆಗೆ ಅದೇ ಲಾರಿಯಲ್ಲಿ ಬಂದು, ಅದೇ ಕುಂಚದಿಂದ 'ಎಂಟು' ಎಂದು ಬರೆಸಿಕೊಂಡವನನ್ನು ಪಕ್ಕದ ಮೇಜಿಗೆ ಇಟ್ಟರು. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಎಂಟರವನಿಗೆ ಸಿಕ್ಕವರು ಕುಸುಮಾ ಹೆಬಸೂರ. ಆಕೆ ತನ್ನ ಕೈಯಾರೆ ಹೊಲಿದ ಹೂವಿನ ಬಟ್ಟೆಯ ಗವಸು ತಂದು ಅವನಿಗೆ ಹೊದಿಸಿದರು. ಆಯುಧಪೂಜೆಗೆ ಅವನಿಗೆ ಸೇವಂತಿಗೆಯ ದಂಡೆ, ನನಗೆ ಬರೀ ಒಂದು ಬೊಟ್ಟು ಕುಂಕುಮ. ಕುಸುಮಾ ನೀರು ಕುಡಿಯಲು ಎದ್ದರೂ ಎರಡು ಕೀಲಿ ಒತ್ತಿ ಅವನ ಪರದೆಗೆ ಬೀಗ ಹಾಕಿಯೇ ಹೋಗುತ್ತಿದ್ದರು.

ನನಗೆ ಸಿಕ್ಕವನು ಫಕ್ಕೀರಪ್ಪ ಬಡಿಗೇರ. ಮನುಷ್ಯ ಕೆಟ್ಟವನಲ್ಲ. ವಿದ್ಯಾರ್ಥಿಗಳ ಅಂಕಗಳನ್ನು ಕೀಲಿಗಳತ್ತ ಕಣ್ಣೂ ಹಾಯಿಸದೆ ತುಂಬುತ್ತಿದ್ದ; ಅಷ್ಟು ಚುರುಕು ಬೆರಳುಗಳು. ಆದರೆ ಚಹಾದ ಹೊತ್ತಾಯಿತೆಂದರೆ ನನ್ನನ್ನು ಬಾಯಿ ತೆರೆದಿಟ್ಟು ಕ್ಯಾಂಟೀನಿಗೆ ನಡೆದುಬಿಡುತ್ತಿದ್ದ. ಆ ಕಚೇರಿಯಲ್ಲಿ ಅದೊಂದು ಪದ್ಧತಿ. ಪರದೆ ಬೆಳಗುತ್ತಿದ್ದು ಮೇಜಿನ ಮೇಲೆ ಕನ್ನಡಕದ ಡಬ್ಬಿ ಇದ್ದರೆ ಆಸಾಮಿ ಇಲ್ಲೇ ಎಲ್ಲೋ ಇದ್ದಾನೆ ಎಂದು ಅರ್ಥ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಹೋಗಿಬರುವವರೆಲ್ಲ ನನ್ನ ಮುಂದೆ ಕುಳಿತು ಕ್ರಿಕೆಟ್ ಸ್ಕೋರು, ರೈಲಿನ ವೇಳೆ ನೋಡಿಕೊಂಡು ಹೋಗುತ್ತಿದ್ದರು. ಗವಸು ಹೊದ್ದ ಮಹಾರಾಯ ಪಕ್ಕದಲ್ಲಿ ಮಡಿಯಾಗಿ ಕುಳಿತಿರುತ್ತಿದ್ದ.

"ಕುಸುಮಕ್ಕಾರ, ದಿನಾ ಹಿಂಗ ಕೀಲಿ ಹಾಕ್ತೀರಲ್ಲ, ಅದರಾಗೇನು ಬಂಗಾರ ಇಟ್ಟೀರೇನು?" ಎಂದು ಫಕ್ಕೀರಪ್ಪ ಕೆಣಕುತ್ತಿದ್ದ.

"ಹುಡುಗರ ಮಾರ್ಕ್ಸ್ ಅದಾವ್ರೀ. ಅವು ಬಂಗಾರಕ್ಕಿಂತ ಏನ್ ಕಡಿಮಿ?" ಎನ್ನುತ್ತಿದ್ದರು ಕುಸುಮಾ.

ನನಗೆ ಅಂಥವರು ಯಾಕೆ ಸಿಗಲಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಆಮೇಲೆ ಹೊಸ ಅಧಿಕಾರಿಯಾಗಿ ತಳವಾರ ಸಾಹೇಬರು ಬಂದರು. ಅವರ ಅಪ್ಪಣೆಯಂತೆ ಮಹಡಿಯ ಮೇಲಿನ ಸರ್ವರಿನಿಂದ ಒಂದು ಹೊಸ ಕಟ್ಟಳೆ ತಂತಿಗುಂಟ ಇಳಿದು ನಮ್ಮೆಲ್ಲರೊಳಗೂ ಸೇರಿತು. ಹತ್ತು ನಿಮಿಷ ಯಾರೂ ಕೀಲಿ ಮುಟ್ಟದೆ, ಮೌಸು ಅಲುಗದೆ ಇದ್ದರೆ ಪರದೆಗೆ ತಾನಾಗಿಯೇ ಬೀಗ. ಕುರ್ಚಿಯವರ ಪಾಸ್‌ವರ್ಡ್ ಕೊಟ್ಟರಷ್ಟೇ ತೆರೆಯಬೇಕು. ನನಗಾದ ಸಂತೋಷ ಹೇಳತೀರದು. ಇನ್ನು ಎಂಟರವನೂ ನಾನೂ ಸರಿಸಮ!

ಮೊದಲ ದಿನ ಚಹಾ ಮುಗಿಸಿ ಬಂದ ಫಕ್ಕೀರಪ್ಪ ಬೆಪ್ಪಾಗಿ ನಿಂತ. "ಇದೇನಪಾ, ನನ್ನ ಮನೀಗೆ ನಾನೇ ಹೊರಗಿನಂವ ಆದ್ನಲ್ಲ!" ಎಂದು ಗೊಣಗುತ್ತ ಪಾಸ್‌ವರ್ಡ್ ಒತ್ತಿದ. ಅವನು ನನಗೆ ಕೊಟ್ಟಿದ್ದ ಪದ ಯಾವುದು ಗೊತ್ತೇ? ಕ್ಯಾಂಟೀನಿನ ಬಾಬಣ್ಣ ಮಾಡುವ ಶುಂಠಿ ಚಹಾದ ಹೆಸರು! ನನ್ನನ್ನು ಬಿಟ್ಟು ಯಾವುದರ ಬಳಿ ಓಡುತ್ತಿದ್ದನೋ ಅದರ ಹೆಸರನ್ನೇ ನನಗಿಟ್ಟಿದ್ದ. ಉರಿದುಹೋದೆ. ಆದರೂ ಅವನು ಬಂದು ಆ ಗುಟ್ಟನ್ನು ನನಗೊಬ್ಬನಿಗೇ ಹೇಳಬೇಕಿತ್ತು. ಅಷ್ಟೇ ಸಾಕೆನಿಸಿತು.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ದಿನಕ್ಕೆ ನಾಲ್ಕು ಸಲ ಪಾಸ್‌ವರ್ಡ್ ಒತ್ತಿ ಬೇಸತ್ತ ಫಕ್ಕೀರಪ್ಪ ತನ್ನ ಬಡಿಗತನದ ಬುದ್ಧಿ ಓಡಿಸಿದ. ಉತ್ತರಪತ್ರಿಕೆ ಹೊಲಿಯುವ ದಾರದಿಂದ ನನ್ನ ಮೌಸನ್ನು ಅತ್ತಿತ್ತ ತಿರುಗುವ ಮೇಜಿನ ಫ್ಯಾನಿನ ಕುತ್ತಿಗೆಗೆ ಕಟ್ಟಿದ. ಇನ್ನೊಂದು ಕಡೆ ರಬ್ಬರ್ ಬ್ಯಾಂಡು ಹಾಕಿ ಡ್ರಾಯರಿನ ಹಿಡಿಗೆ ಸಿಕ್ಕಿಸಿದ. ಫ್ಯಾನು ಆ ಕಡೆ ಮುಖ ತಿರುಗಿಸಿದರೆ ಮೌಸು ಅತ್ತ ಜಾರುವುದು, ಈ ಕಡೆ ತಿರುಗಿದರೆ ರಬ್ಬರು ಇತ್ತ ಎಳೆಯುವುದು. ನನಗೆ ಬೀಗವೇ ಬೀಳಲಿಲ್ಲ. ಅವನು ಮೊದಲಿನಂತೆ ಆರಾಮಾಗಿ ಚಹಾಕ್ಕೆ ಹೋದ.

ತಿಂಗಳ ಕೊನೆಗೆ ಸರ್ವರಿನ ವರದಿ ಬಂತು. ಸಾಹೇಬರು ಎಲ್ಲರನ್ನೂ ಕರೆದು, "ಬಡಿಗೇರ ಅವರನ್ನ ನೋಡಿ ಕಲೀರಿ. ಇವರ ಕಂಪ್ಯೂಟರ್ ಒಂದು ಗಳಿಗಿ ಸುಮ್ಮನ ಕುಂತಿಲ್ಲ" ಎಂದು ಹೊಗಳಿದರು. ಫಕ್ಕೀರಪ್ಪ ನೆಲ ನೋಡಿದ. ಕುಸುಮಾ ತುಟಿ ಕಚ್ಚಿ ನಗು ನುಂಗಿದರು. ನಾನಂತೂ ಉಬ್ಬಿಹೋದೆ. ಎಂಟರವನಿಗೆ ಯಾರಾದರೂ ಶಾಭಾಸ್ ಎಂದಿದ್ದರೇ?

ಉಬ್ಬಿದ್ದು ಇಳಿಯಲು ತಡವಾಗಲಿಲ್ಲ. ಒಂದು ದಿನ ಎಲ್ಲರೂ ಚಹಾಕ್ಕೆ ಹೋದಾಗ, ಖಾಸಗಿ ಕಾಲೇಜೊಂದರಿಂದ ಆಗಾಗ ಬಂದು ಹಲ್ಲು ಕಿರಿಯುತ್ತ ಸುಳಿದಾಡುತ್ತಿದ್ದ ಒಬ್ಬ ನನ್ನ ಮುಂದೆ ಬಂದು ಕುಳಿತ. ಫೇಲಾಗಿದ್ದ ಹುಡುಗನೊಬ್ಬನ ಅಂಕ ತಿದ್ದಿ ಪಾಸು ಮಾಡಿದ, ಎದ್ದು ಹೋದ. ಎಂಟರವನ ಪರದೆಗೆ ಬೀಗವಿತ್ತು. ನಾನು ತೆರೆದ ಮನೆ. ಕೂಗಲು ನನಗೆ ಬಾಯಿಲ್ಲ. ಫ್ಯಾನು ತನ್ನ ಪಾಡಿಗೆ ಮೌಸನ್ನು ಎಳೆಯುತ್ತಲೇ ಇತ್ತು.

ಮರುಪರಿಶೀಲನೆಯಲ್ಲಿ ಗುಟ್ಟು ರಟ್ಟಾಯಿತು. ತಿದ್ದಿದ್ದು ಫಕ್ಕೀರಪ್ಪನ ಹೆಸರಿನಲ್ಲಿತ್ತು.

"ಆವಾಗ ನಾ ಕ್ಯಾಂಟೀನದಾಗ ಇದ್ನಿರೀ ಸರ. ಬೇಕಾದ್ರ ಬಾಬಣ್ಣನ್ನ ಕೇಳ್ರಿ."

"ಬಾಬಣ್ಣನ ಮಾತು ಕೇಳ್ಲ್ಯೋ, ಸರ್ವರಿನ ಮಾತು ಕೇಳ್ಲ್ಯೋ? ಆ ದಿನಾ ನೀವು ಕುರ್ಚಿ ಬಿಟ್ಟು ಎದ್ದೇ ಇಲ್ಲಂತ ಅದರಾಗ ಐತಿ. ನಿಮ್ಮನ್ನ ಸಸ್ಪೆಂಡ್ ಮಾಡದ ನನಗ ಬ್ಯಾರೆ ದಾರಿ ಇಲ್ಲ" ಎಂದರು ಸಾಹೇಬರು.

ಫಕ್ಕೀರಪ್ಪ ಬಂದು ನನ್ನ ಮುಂದೆ ಕುಳಿತು ತಲೆ ಹಿಡಿದುಕೊಂಡ. ತರಿಸಿದ ಚಹಾ ಆರಿ ಕೆನೆಗಟ್ಟಿತು. ಫ್ಯಾನಿನ ವಿಷಯ ಹೇಳಿದರೆ ಹೊಗಳಿಸಿಕೊಂಡ ಮುಖಕ್ಕೆ ಮಸಿ. ಹೇಳದಿದ್ದರೆ ನೌಕರಿಯೇ ಹೋಗುತ್ತದೆ. ಕುಸುಮಾ ಮೆಲ್ಲಗೆ, "ಹೇಳಿಬಿಡ್ರಿ. ನಗೋರು ನಕ್ಕೋತಾರ. ಕಳ್ಳ ಅನಿಸಿಕೊಂಡು ಮನೀಗೆ ಹೋಗ್ತೀರೇನು?" ಎಂದರು.

ಅವನು ಹೇಳಿದ. ಸಾಹೇಬರು ನಂಬಲಿಲ್ಲ. "ನನ್ನ ಮುಂದ ಮಾಡಿ ತೋರಸ್ರಿ" ಎಂದು ಗಡಿಯಾರ ನೋಡುತ್ತ ನಿಂತರು. ಫಕ್ಕೀರಪ್ಪ ದಾರ ಕಟ್ಟಿ ದೂರ ಸರಿದ. ಇಡೀ ಕಚೇರಿ ಕೆಲಸ ಬಿಟ್ಟು ನನ್ನ ಸುತ್ತ ನೆರೆಯಿತು. ನನ್ನ ಬಾಳಿನಲ್ಲಿ ಅಂಥ ಹತ್ತು ನಿಮಿಷ ಮತ್ತೆ ಬರಲಿಲ್ಲ. ಕುಸುಮಾ ಕೂಡ ಅವಸರದಲ್ಲಿ ಎಂಟರವನಿಗೆ ಬೀಗ ಹಾಕುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದರು. ಹತ್ತು ನಿಮಿಷ ತುಂಬುತ್ತಿದ್ದಂತೆ ಕೋಣೆಯ ಪರದೆಗಳು ಒಂದೊಂದಾಗಿ ಕಪ್ಪಾದವು. ಎಂಟರವನೂ ಕಪ್ಪಾದ. ನಾನೊಬ್ಬನೇ ಬೆಳಗುತ್ತಿದ್ದೆ.

"ಈ ಫ್ಯಾನಿಗೆ ನಾ ಶಾಭಾಸ್ ಅಂದ್ನೇನೋ!" ಎಂದು ಸಾಹೇಬರು ಹಣೆ ಚಚ್ಚಿಕೊಂಡರು.

ಬಾಬಣ್ಣನ ಮಾತಿಗೆ ಬೆಲೆ ಬಂತು. ಆ ಹೊತ್ತಿನಲ್ಲಿ ಒಳಗೆ ಹೋದವನು ಯಾರೆಂದು ಗೇಟಿನ ಕಾವಲುಗಾರ ಹೇಳಿದ. ಕಾಲೇಜಿನವನು ಸಿಕ್ಕಿಬಿದ್ದ. ಫಕ್ಕೀರಪ್ಪನ ನೌಕರಿ ಉಳಿಯಿತು, ಛೀಮಾರಿಯಷ್ಟೇ ಆಯಿತು.

ನನ್ನನ್ನು ಮಾತ್ರ ತನಿಖೆಗೆಂದು ಹೊತ್ತೊಯ್ದರು. ತಿರುಗಿ ಬರುವಷ್ಟರಲ್ಲಿ ನನ್ನ ಜಾಗದಲ್ಲಿ ತೆಳ್ಳನೆಯ ಹೊಸಬ ಕುಳಿತಿದ್ದ. ಅವನ ಬೆನ್ನಿಗೂ 'ಏಳು' ಎಂದೇ ಬರೆದಿದ್ದರು! ನನಗೆ ಮುರಿದ ಕುರ್ಚಿಗಳ ಕೋಣೆ. ಅದರ ಕಿಟಕಿಯಿಂದ ಆ ಮೇಜು ಕಾಣುತ್ತದೆ. ಕಾಣದಿದ್ದರೇ ಚೆನ್ನಾಗಿತ್ತು. ಫಕ್ಕೀರಪ್ಪ ಈಗ ಸೀನಲು ಎದ್ದರೂ ಎರಡು ಕೀಲಿ ಒತ್ತುತ್ತಾನೆ. ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ನೋಡುತ್ತಾನೆ. ಕುಸುಮಾ ಹೊಸಬನಿಗೂ ಒಂದು ಗವಸು ಹೊಲಿದುಕೊಟ್ಟಿದ್ದಾರೆ. ಫಕ್ಕೀರಪ್ಪ ಕಲಿತಿದ್ದೆಲ್ಲ ನನ್ನ ಮೇಲೆ; ಅದರ ಸುಖ ಹೊಸಬನಿಗೆ. ಈಗ ನನಗೆ ಎಂಟರವನ ಮೇಲೆ ಕೋಪವೂ ಉಳಿದಿಲ್ಲ. ಇದ್ದಬದ್ದ ಉರಿಯೆಲ್ಲ ಈ ಹೊಸಬನಿಗೇ ಬೇಕಾಗಿದೆ.

ಮೊನ್ನೆ ಗುಜರಿಗೆ ಹಾಕುವ ಮುನ್ನ ನನ್ನನ್ನೊಮ್ಮೆ ಚಾಲೂ ಮಾಡಿದರು. ಪರದೆಯ ಮೇಲೆ ಫಕ್ಕೀರಪ್ಪನ ಹೆಸರು, ಕೆಳಗೆ ಖಾಲಿ ಚೌಕ. ಅವನನ್ನೇ ಕರೆದರು.

ಅವನು ತಲೆ ಕೆರೆದುಕೊಂಡ. "ಏನಿಟ್ಟಿದ್ನೋ ಏನೋ, ಮರತೇ ಹೋತು. ಹಳೇದನ್ನ ಯಾಂವ ನೆನಪ ಇಟಗೋತಾನ್ರೀ?" ಎಂದು ಹೊರಟುಬಿಟ್ಟ. ಬಾಗಿಲಲ್ಲಿ ತಿರುಗಿ ನೋಡಲಿಲ್ಲ.

ನಾನು ಮರೆತಿಲ್ಲ. ಬಾಬಣ್ಣನ ಹೆಸರು, ಶುಂಠಿ, ಚಹಾ, ಎಲ್ಲವೂ ಅಕ್ಷರ ತಪ್ಪದೆ ನೆನಪಿದೆ. ಯಾರು ಎಷ್ಟು ಬಡಿದರೂ ನಾನು ಹೇಳುವುದಿಲ್ಲ. ಮೇಜು ಹೋಯಿತು, ನಂಬರೂ ಹೋಯಿತು. ಅದೊಂದಾದರೂ ಆ ಹೊಸಬನಿಗೆ ಸಿಗದಿರಲಿ.