ಹಿಂದಕ್ಕೆ ತಿರುಗಿದರೆ ಫೌಲ್

ಯುಗಾಂಡಾದಿಂದ ಬಂದ ಎರಡು ತಿಂಗಳಲ್ಲಿ ಶಿವಪುತ್ರನಿಗೆ ಘಟಪ್ರಭಾ, ಕೊಣ್ಣೂರ, ಮೂಡಲಗಿಗಳಲ್ಲಿ ಸನ್ಮಾನವಾಗಿತ್ತು. ನಾಲ್ಕನೆಯದು ಹತ್ತರಗಿಯಲ್ಲಿ, ಅವನು ಓದಿದ ಹೈಸ್ಕೂಲಿನಲ್ಲೇ. ಯುಗಾಂಡಾದ ಒಂದು ಹಳ್ಳಿ ಶಾಲೆಯಲ್ಲಿ ಎಂಟು ವಾರ ಸ್ವಯಂಸೇವಕನಾಗಿ ಹುಡುಗಿಯರಿಗೆ ಖೊಖೊ ಕಲಿಸಿ ಬಂದದ್ದಕ್ಕೆ ಈ ಶಾಲು, ಹಾರ.

ಸಭೆಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಸುಮನ್ ಆ ಹೈಸ್ಕೂಲಿನ ಪಿ.ಟಿ. ಟೀಚರ್. ಶಿವಪುತ್ರನಿಗೆ ಮೂರು ವರ್ಷ ಖೊಖೊ ಕಲಿಸಲು ಹೋಗಿ ಸೋತವಳು ಅವಳೇ. ಪರದೆಯ ಮೇಲೆ ಫೋಟೋಗಳು ಒಂದಾದ ಮೇಲೊಂದು ಬರುತ್ತಿದ್ದವು. ಎಲ್ಲದರಲ್ಲೂ ನಡುವೆ ಅವನು, ಸುತ್ತ ಬರಿಗಾಲಿನ ಮಕ್ಕಳು.

"ಆ ಮಕ್ಕಳಿಗೆ ಆಟ ಅಂದ್ರ ಏನಂತನ ಗೊತ್ತಿರಲಿಲ್ರಿ," ಎಂದು ಮೈಕಿನಲ್ಲಿ ಹೇಳಿದ. "ಶಿಸ್ತು, ಧೈರ್ಯ, ಎಲ್ಲಾ ನಾವ ಹೋಗಿ ಕಲಸಬೇಕಾತು."

ಹೆಡ್‌ಮಾಸ್ತರ ಶಿದ್ಲಿಂಗಪ್ಪನವರು ಚಪ್ಪಾಳೆ ತಟ್ಟಿದರು. ಸುಮನ್ ಕೈ ಕಟ್ಟಿಕೊಂಡೇ ನಿಂತಳು. ಆ ಮಕ್ಕಳ ಸಮಾಚಾರ ಅವಳಿಗೆ ನಾಲ್ಕು ದಿನದ ಹಿಂದೆಯೇ ಬಂದಿತ್ತು.

ಆ ಶಾಲೆಯ ಟೀಚರ್ ನಕಾಟೊ ವಾಟ್ಸಾಪಿನಲ್ಲಿ ಬರೆದಿದ್ದಳು. ಶಿವಪುತ್ರ ಬಿಟ್ಟುಹೋದ ಕಾಗದಗಳಲ್ಲಿ ಸುಮನ್ ಸಹಿಯ ಪತ್ರವೊಂದು ಸಿಕ್ಕಿತಂತೆ, ಕೆಳಗೆ ಫೋನ್ ನಂಬರಿತ್ತಂತೆ. "ನಮ್ಮ ಹುಡುಗಿಯರು ಜಿಲ್ಲಾ ಪಂದ್ಯಕ್ಕೆ ಹೋಗಿದ್ದರು. ಬೆನ್ನಟ್ಟುವಾಗ ಹಿಂದಕ್ಕೆ ತಿರುಗಿದರೆಂದು ಅಂಪೈರ್ ಮತ್ತೆ ಮತ್ತೆ ಸೀಟಿ ಊದಿದ. ಮೊದಲ ಆಟದಲ್ಲೇ ಸೋತು ಅತ್ತರು. ತಿರುಗಬಹುದು ಎಂದೇ ನಿಮ್ಮ ಕೋಚ್ ಕಲಿಸಿದ್ದರು. ಕೇಳಿದರೆ ಅವರ ಉತ್ತರವಿಲ್ಲ. ಯಾವುದು ಸರಿ?"

ಖೊಖೊದಲ್ಲಿ ಬೆನ್ನಟ್ಟಲು ಎದ್ದವರು ಒಂದು ದಿಕ್ಕು ಹಿಡಿದರೆ ಕಂಬದ ತನಕ ತಿರುಗುವಂತಿಲ್ಲ. ಐದನೇ ಇಯತ್ತೆಯ ಮಕ್ಕಳಿಗೂ ಗೊತ್ತಿರುವ ಮಾತು.

ಸಭೆ ಮುಗಿದ ಮೇಲೆ ಸುಮನ್ ಫೋನನ್ನು ಶಿವಪುತ್ರನ ಮುಂದೆ ಹಿಡಿದಳು. ಅವನು ಅರ್ಧ ಓದಿ ವಾಪಸು ಕೊಟ್ಟ.

"ಅಲ್ಲಿ ಇಷ್ಟೆಲ್ಲಾ ಬಾರೀಕ ಯಾರ ನೋಡ್ತಾರ್ರಿ, ಅಕ್ಕಾರ? ಹುಡುಗ್ಯಾರು ನಕ್ಕೋತ ಆಡಿದ್ರು. ಅಷ್ಟ ಸಾಕಲ್ರಿ."

"ಸೋತು ಬಂದಾಗೂ ನಕ್ಕಿದ್ರೇನು? ಆ ಟೀಚರಗ ಉತ್ತರಾ ಯಾಕ ಬರೀಲಿಲ್ಲ?"

"ನನ್ನ ಪ್ರೋಗ್ರಾಮ್ ಮುಗದಿತ್ತಲ್ರಿ." ಅವನು ಶಾಲಿನ ಮಡಿಕೆ ಸರಿಮಾಡಿಕೊಂಡ. "ಮತ್ತ ನನಗ ಆಟ ಚಲೋ ಬರ್ತೈತಿ ಅಂತ ನೀವ ಬರದು ಕೊಟ್ಟೀರಿ."

ಅದು ಖರೆ. ಹೋದ ವರ್ಷ ಶಿದ್ಲಿಂಗಪ್ಪನವರು, "ನಮ್ಮ ಹುಡುಗ ಫಾರಿನ್ನಿಗೆ ಹೊಂಟಾನ, ಒಂದ ಸಹಿ ಹಾಕ್ರಿ," ಎಂದು ಪತ್ರ ಮುಂದಿಟ್ಟಾಗ ಅವಳು ಓದಿಯೇ ಸಹಿ ಹಾಕಿದ್ದಳು. ಎಲ್ಲಿಯದೋ ಹಳ್ಳಿ, ಯಾರಿಗೇನು ತಿಳಿಯುತ್ತದೆ ಎಂದು ಅಂದುಕೊಂಡವಳು ಅವಳೂ ಹೌದು. ಅವನನ್ನು ಕಂಡು ಹುಟ್ಟಿದ್ದ ಹೇಸಿಗೆಯಲ್ಲಿ ಒಂದು ಪಾಲು ತನಗೂ ಸೇರಬೇಕಾದದ್ದು ಎಂದು ಈಗ ಹೊಳೆಯಿತು. ಅದರಿಂದ ಅವನ ಪಾಲೇನೂ ಕಡಿಮೆಯಾಗಲಿಲ್ಲ.

"ಹಂಗಾದ್ರ ಆಡಿ ತೋರಸು ಬಾ," ಎಂದಳು. "ಆ ಹುಡುಗ್ಯಾರಿಗೆ ವಿಡಿಯೋ ಕಳಸೋಣು."

ವಿಡಿಯೋ ಎಂದ ಕೂಡಲೇ ಶಿವಪುತ್ರ ತಲೆ ಬಾಚಿಕೊಂಡು, ಶಾಲನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟು ಅಂಗಳಕ್ಕಿಳಿದ. ಸುಮನ್‌ಳ ತಂಡದ ಹುಡುಗಿಯರು ಸಾಲಾಗಿ ಕುಳಿತರು, ಒಬ್ಬಳು ಸುಮನ್‌ಳ ಫೋನ್ ಹಿಡಿದು ವಿಡಿಯೋ ತೆಗೆಯಲು ನಿಂತಳು. ಕುರಿಗಾರರ ಮನೆಯ ದೀಪಾ ಓಡಿದಳು, ಅವನು ಬೆನ್ನಟ್ಟಿದ. ಅವಳು ಪಕ್ಕಕ್ಕೆ ಜಾರಿದ್ದೇ ತಡ, ಗಕ್ಕನೆ ಹಿಂದಕ್ಕೆ ತಿರುಗಿದ. ಸುಮನ್ ಸೀಟಿ ಊದಿದಳು. ಮತ್ತೆ ಶುರು, ಮತ್ತೆ ಸೀಟಿ. ಐದು ಸಲ ಹೀಗೇ ಆಯಿತು. ಆರನೆಯದಕ್ಕೆ ಅವನು ಮೊಣಕಾಲು ಹಿಡಿದು ನಿಂತ.

"ಅಕ್ಕಾರ, ಈ ಅಣ್ಣಗ ಬರೂದಿಲ್ರಿ," ಎಂದಳು ದೀಪಾ, ದನಿ ತಗ್ಗಿಸದೆ.

ಆಮೇಲೆ ದೀಪಾ ಬೆನ್ನಟ್ಟಿ ತೋರಿಸಿದಳು. ಎರಡೂ ವಿಡಿಯೋಗಳನ್ನು ಸುಮನ್ ನಕಾಟೊಗೆ ಕಳಿಸಿದಳು: "ಮೊದಲನೆಯದು ತಪ್ಪು, ಎರಡನೆಯದು ಸರಿ. ಆ ಪತ್ರಕ್ಕೆ ಸಹಿ ಹಾಕಿದ್ದು ನನ್ನ ತಪ್ಪು."

ಶಿವಪುತ್ರ ತನಗೂ ವಿಡಿಯೋ ಬೇಕೆಂದು ಸುಮನ್‌ಳಿಂದ ಇಸಿದುಕೊಂಡ. ಸೀಟಿಯ ಸದ್ದು ತೆಗೆದು ಹಾಡು ಸೇರಿಸಿ, "ನಮ್ಮೂರ ಹೆಣ್ಣುಮಕ್ಕಳಿಗೆ ತರಬೇತಿ" ಎಂದು ಸ್ಟೇಟಸ್ಸಿಗೆ ಹಾಕಿದ. ತಿಂಗಳೊಳಗೆ ನೇಪಾಳಕ್ಕೂ ಹೋದ, ಈ ಸಲ ವಾಲಿಬಾಲ್ ಕಲಿಸಲು. ಪತ್ರಕ್ಕೆ ಸುಮನ್ ಒಲ್ಲೆ ಎಂದಳು, ಶಿದ್ಲಿಂಗಪ್ಪನವರು ಸಹಿ ಹಾಕಿದರು.

ಸುಮನ್ ಮತ್ತು ನಕಾಟೊ ಶನಿವಾರ ಶನಿವಾರ ವಿಡಿಯೋ ಕಾಲ್ ಮಾಡತೊಡಗಿದರು. ಹತ್ತರಗಿಯ ಅಂಗಳದಲ್ಲಿ ದೀಪಾ ಆಡಿದ್ದನ್ನು ನೋಡಿ ಅಲ್ಲಿಯ ಹುಡುಗಿಯರು ಆಡುತ್ತಿದ್ದರು. ಅವರ ಓಟ ಕಂಡು ದೀಪಾ ಫೋನಿನ ಹತ್ತಿರ ಬಗ್ಗಿದಳು. "ಇವರಿಗೆ ಆಟ ಗೊತ್ತಿರಲಿಲ್ಲ ಅಂದಿದ್ನೇನ್ರಿ ಆ ಅಣ್ಣ?" ಎಂದಳು.

ಮುಂದಿನ ಜಿಲ್ಲಾ ಪಂದ್ಯದಲ್ಲಿ ನಕಾಟೊಳ ಹುಡುಗಿಯರು ಎರಡು ಆಟ ಗೆದ್ದು ಮೂರನೆಯದರಲ್ಲಿ ಸೋತರು. ಫೌಲ್ ಎಷ್ಟಾದವೆಂದು ಸುಮನ್ ಕೇಳಿದಳು.

"ಒಂದು," ಎಂದು ನಕಾಟೊ ಬರೆದಳು. "ಅದೂ ಅಂಪೈರನ ತಪ್ಪು."