ಸೌಂಡು ಕೇಳಲು ಕರೆದಿದ್ದರು

"ಎತ್ತೋ ನಾಯಿ! ಅದೇನ್ ನಿಮ್ಮಪ್ಪನ ಹೆಣಾನಾ, ಅಷ್ಟು ಮೆಲ್ಲಗೆ ಎತ್ತೋಕೆ?"

ಸೌಂಡ್ ಅಂಗಡಿ ಮಾಲೀಕನ ಬೈಗುಳ ನುಂಗಿಕೊಂಡು ವೈರಕ್ಕನ ತಮ್ಮ ಇನ್ನೊಂದು ಮೆಟ್ಟಿಲು ಹತ್ತಿದ. ಲಿಫ್ಟಿಗೆ ಕಾವಲುಗಾರ ಅಡ್ಡ ನಿಂತಿದ್ದ. ಆನೆಮರಿಯಂಥ ಸ್ಪೀಕರ್ ಬಾಕ್ಸುಗಳನ್ನು ಅಕ್ಕ-ತಮ್ಮ ಹಿಂಬದಿ ಮೆಟ್ಟಿಲಲ್ಲೇ ಹೊತ್ತು ಸಭಾಂಗಣಕ್ಕೆ ತಂದರು.

ವೈರು ಹಾಸಿ ಹಾಸಿ ಅವಳು ವೈರಕ್ಕನಾಗಿದ್ದಳು. ತನ್ನ ಸಮಾರಂಭಗಳಿಗೆ ಯಾವ ಸೌಂಡಿನವರನ್ನು ಹಿಡಿಯುವುದೆಂದು ಆ ದೊಡ್ಡ ಕಂಪನಿ ಅವತ್ತು ಪರೀಕ್ಷೆ ಇಟ್ಟಿತ್ತು. ಬೇರೆಯವರು ತಮ್ಮ ತಮ್ಮ ಸೌಂಡು ಕೇಳಿಸಿ ಹೋಗಿದ್ದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳ ನಡುವೆ ಕೂತಿದ್ದ ಮ್ಯಾನೇಜರಮ್ಮ, ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಟೇಪು ಅಂಟಿಸುತ್ತಿದ್ದ ವೈರಕ್ಕನನ್ನು ಕಂಡು ಮೂಗು ಮುರಿದಳು.

"ಏನ್ರೀ, ಫಂಕ್ಷನ್ ದಿನಾನೂ ಇಂಥೋರೇ ಬರ್ತಾರಾ?"

"ಛೆ ಛೆ, ಕಣ್ಣಿಗೇ ಬೀಳಲ್ಲ ಮೇಡಂ," ಎಂದ ಮಾಲೀಕ.

ಹಾಡು ಶುರುವಾಯಿತು. ನೆಲ ಅದುರಿತು. ಮ್ಯಾನೇಜರಮ್ಮ ಸಾಲದೆಂದು ಕೈ ಆಡಿಸಿದಳು. ಹಾಡುತ್ತಿದ್ದ ಬಾಕ್ಸುಗಳ ಮೇಲೆ ಇನ್ನೊಂದನ್ನು ಏರಿಸಲು ಮಾಲೀಕ ತಮ್ಮನಿಗೆ ಸನ್ನೆ ಮಾಡಿದ.

"ಹಾಡು ನಿಲ್ಸಿ ಏರ್ಸೋಣ ಧಣಿ, ಅದುರ್ತಾ ಐತೆ," ಎಂದು ತಮ್ಮ ಅವನ ಕಿವಿಯಲ್ಲಿ ಕೂಗಿದ.

"ನಿಲ್ಸಿದ್ರೆ ಕೆಲ್ಸ ಹೋಯ್ತು. ಏರ್ಸೋ ಬೋಳಿಮಗನೆ!"

ತಮ್ಮ ಹಿಂತಿರುಗಿ ಒಬ್ಬನೇ ಏರಿಸಹೋದ. ಬಾಕ್ಸು ಜಾರಿತು.

ವೈರಕ್ಕ ತಿರುಗಿದಾಗ ತಮ್ಮ ನೆಲದ ಮೇಲಿದ್ದ, ಪಾದ ಬಾಕ್ಸಿನ ಅಡಿಯಲ್ಲಿತ್ತು. ಬಾಯಿ ಅಗಲಿಸಿದ್ದ, ಹಾಡಿನ ಅಬ್ಬರದಲ್ಲಿ ಅವನ ಚೀರಾಟ ಕೇಳುತ್ತಲೇ ಇರಲಿಲ್ಲ. ಮಾಲೀಕ ಓಡಿ ಬಂದು ಬಾಕ್ಸಿನ ಮೂಲೆ ಸವರಿ ನೋಡಿದ. ಒಡೆದಿರಲಿಲ್ಲ. ಮುಂದಿನ ಸಾಲಿನತ್ತ ತಿರುಗಿ ಹಲ್ಲು ಕಿರಿದ. ಮ್ಯಾನೇಜರಮ್ಮ ತಾಳಕ್ಕೆ ತಲೆದೂಗುತ್ತಾ, ಇನ್ನೂ ಜೋರು ಮಾಡಿ ಎಂದು ಬೆರಳೆತ್ತಿದಳು.

ವೈರಕ್ಕ ಬಾಕ್ಸಿಗೆ ಹೆಗಲು ಕೊಟ್ಟಳು. ಅಲುಗಲಿಲ್ಲ. "ಯಾರಾದ್ರೂ ಬನ್ರೋ!" ಎಂದಳು. ಅದು ಅವಳ ಕಿವಿಗೇ ಕೇಳಲಿಲ್ಲ.

ಗೋಡೆಯ ಬಳಿ ಓಡಿ ಪ್ಲಗ್ಗು ಕಿತ್ತಳು.

ಹಾಡು ಸತ್ತು ಚೀರಾಟ ಎದ್ದಿತು.

"ಅಯ್ಯೋ, ಏನದು?" ಮ್ಯಾನೇಜರಮ್ಮ ಕಿವಿ ಮುಚ್ಚಿಕೊಂಡಳು.

"ಏನಿಲ್ಲ ಮೇಡಂ, ಕರೆಂಟು... ಈಗ್ಲೇ ಬರುತ್ತೆ. ಕೊಡೇ ಇಲ್ಲಿ, ರಂಡೆ!" ಮಾಲೀಕ ಪ್ಲಗ್ಗಿಗೆ ಕೈ ಹಾಕಿದ.

ವೈರಕ್ಕ ಸೊಂಟದಲ್ಲಿದ್ದ ಕಟಿಂಗ್ ಪ್ಲೇಯರ್ ಎಳೆದು ವೈರನ್ನೇ ಕತ್ತರಿಸಿದಳು. ತುಂಡಾದ ಪ್ಲಗ್ಗನ್ನು ಅವನ ಎದೆಗೆ ಎಸೆದಳು.

"ನನ್ ತಮ್ಮ ಕಣ್ರೀ ಅದು," ಎಂದಳು ಮುಂದಿನ ಸಾಲಿಗೆ. "ಚೆನ್ನಾಗಿ ಕೇಳ್ರಿ. ಕೇಳಿ ಆದ್ಮೇಲೆ ಬಂದು ಒಂದು ಕೈ ಹಾಕಿ. ನನ್ನೊಬ್ಬಳ ಕೈಲಿ ಆಗಲ್ಲ."

ಚೀರಾಟ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಯಾರೂ ಏಳಲಿಲ್ಲ.